ನಮ್ಮ ಮನೆಯ ಗುರುತು

ಕಾದ ಹತ್ತಿಬಟ್ಟೆಯ ಮೇಲೆ ನೀರು ಚಿಮುಕಿಸಿದಾಗ ಒಂದು ವಾಸನೆ ಏಳುತ್ತದೆ. ದಿನವೂ ಬೆಳಿಗ್ಗೆ ಕಂಪ್ಲಿಯ ಬಸ್ಸು ಹಿಡಿಯುವ ಮುಂಚೆ ಅಪ್ಪನದೊಂದು ಅಂಗಿ, ಕಾಲೇಜಿನ ಕೆಲಸಕ್ಕೆ ನನ್ನದೊಂದು ಸೀರೆ ಇಸ್ತ್ರಿ ಮಾಡುತ್ತೇನಾದರೂ ಆ ವಾಸನೆ ಗಮನಕ್ಕೆ ಬರುವುದು ಯಾವಾಗಲೋ ನಿಂತುಹೋಗಿತ್ತು. ಕಳೆದ ಭಾನುವಾರ ಅಮ್ಮ ಟ್ರಂಕಿನ ತಳದಿಂದ ತನ್ನ ಹಳೆಯ ಬಿಳಿ ಸೀರೆ ತೆಗೆದುಕೊಟ್ಟು, "ಹುಣ್ಣಿಮಿಗೆ ಉಡ್ತೀನಿ, ಇಸ್ತ್ರಿ ಹಾಕ್ಕೊಡು. ಎಷ್ಟ್ ವರ್ಷ ಅಂತ ಇಡೋದು, ಸಾಕಾತು" ಎಂದಳು. ಸೀರೆಯ ಮಡಿಕೆಗಳು ಹಳದಿ ತಿರುಗಿದ್ದವು. ನೀರು ಚಿಮುಕಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಮೊದಲು ನುಸಿಗುಳಿಗೆಯ ವಾಸನೆ ಬಂತು, ಆಮೇಲೆ ಬಿಸಿ ಹತ್ತಿಯದು, ಅದರ ಹಿಂದೆಯೇ ಇದ್ದಿಲಿನದು. ನಮ್ಮದು ಕರೆಂಟಿನ ಪೆಟ್ಟಿಗೆ. ಇದ್ದಿಲು ಎಲ್ಲಿಂದ ಬರಬೇಕು...

ಇದ್ದಿಲ ಪೆಟ್ಟಿಗೆ ಇದ್ದದ್ದು ಒಬ್ಬರ ಹತ್ತಿರ. ಅವರನ್ನು ಬಡಾವಣೆಯ ಮಕ್ಕಳೆಲ್ಲ ಇಸ್ತ್ರಿ ತಾತ ಎನ್ನುತ್ತಿದ್ದೆವು. ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಚಿತ್ತವಾಡ್ಗಿ ದಾಟಿದ ಮೇಲೆ ಬರುವ ನಮ್ಮ ಬಡಾವಣೆ ಆಗ ಹೊಸತು. ನಾಲ್ಕು ಅಡ್ಡರಸ್ತೆ, ನಡುವೆ ಒಂದು ಸಣ್ಣ ಪಾರ್ಕು, ಪಾರ್ಕಿನಲ್ಲಿ ಒಂದು ಜಾರುಬಂಡಿ. ಸಂಜೆ ಗಂಡಸರು ಕೆಲಸದಿಂದ ಬರುವ ಹೊತ್ತಿಗೆ ಹೆಂಗಸರು ಗೇಟಿನ ಹತ್ತಿರ ನಿಂತು ಸೊಪ್ಪು ಸೋಸುತ್ತ ಮಾತಾಡುತ್ತಿದ್ದರು. ಯಾರ ಮನೆಯ ಮಗುವಿಗೆ ಯಾರ ಮನೆಯಲ್ಲಾದರೂ ಒಂದು ತುತ್ತು ಸಿಗುತ್ತಿತ್ತು. ಪಾರ್ಕಿನ ಗೇಟಿಗೆ ಹತ್ತಿದಂತೆ ಒಂದು ಹೊಂಗೆ ಮರ. ಅದರ ಕೆಳಗೆ ಇಸ್ತ್ರಿ ತಾತನ ತಳ್ಳುಗಾಡಿ. ಗಾಡಿಯ ಚಕ್ರಗಳು ಎಂದೋ ನೆಲದಲ್ಲಿ ಹೂತಿದ್ದವು. ಬುಕ್ಕಸಾಗರದಿಂದ ಬೆಳಗಿನ ಬಸ್ಸಿಗೆ ಬಂದು, ಮನೆಮನೆಯ ಬಟ್ಟೆ ತೆಗೆದುಕೊಂಡು, ಸಂಜೆ ಗಂಟುಕಟ್ಟಿ ಬಾಗಿಲಿಗೆ ತಲುಪಿಸಿ ಹೋಗುತ್ತಿದ್ದರು.

ನಮ್ಮ ಮನೆಯಿಂದ ಅವರಿಗೆ ಹೋಗುತ್ತಿದ್ದದ್ದು ಬಿಳಿ ಬಟ್ಟೆ ಮಾತ್ರ. ನನ್ನ ಶಾಲೆಯ ಅಂಗಿ, ಹುಣ್ಣಿಮೆಗೆಂದು ಅಪ್ಪನ ಅಂಗಿ, ಅಮ್ಮನ ಈ ಸೀರೆ. ಉಳಿದವನ್ನು ಅಮ್ಮ ಮಡಚಿ ಹಾಸಿಗೆಯ ಕೆಳಗೆ ಇಟ್ಟುಬಿಡುತ್ತಿದ್ದಳು. ನಮ್ಮೂರಲ್ಲಿ ಬಿಳಿ ಬಟ್ಟೆ ಬಿಳಿಯಾಗಿಡುವುದೇ ಒಂದು ಕೆಲಸ. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಓಡುತ್ತಿದ್ದ ಕಾಲ ಅದು. ಹೊರಗೆ ಒಣಹಾಕಿದ ಅಂಗಿ ಮಧ್ಯಾಹ್ನದೊಳಗೆ ಕೆಂಪು ಪುಡಿ ಹೊದ್ದಿರುತ್ತಿತ್ತು. ಅಮ್ಮ ಕಂಪ್ಲಿಯ ಶಾಲೆಯಲ್ಲಿ ಪಾಠ ಮಾಡಿ ಬಂದು, ಆ ಬಟ್ಟೆಗಳನ್ನು ಮತ್ತೆ ಜಾಲಿಸಿ, ಅಡುಗೆಮನೆಯಲ್ಲಿ ಹಗ್ಗ ಕಟ್ಟಿ ಒಣಗಿಸುತ್ತಿದ್ದಳು. ನಾವು ಬೌದ್ಧರು. ಬುದ್ಧನ ಮೂರ್ತಿ ಹಾಲಿನಲ್ಲಿತ್ತು. ಬಂದವರು ಅದನ್ನು ಶೋಪೀಸ್ ಎಂದುಕೊಂಡು, ಎಲ್ಲಿ ತಂದಿರಿ ಎಂದು ಕೇಳುತ್ತಿದ್ದರು. ನೀಲಿ ಕೋಟಿನವರ ಫೋಟೊ ಒಳಕೋಣೆಯಲ್ಲಿತ್ತು. ಅದು ಯಾಕೆ ಒಳಗೆ ಎಂದು ನಾನು ಕೇಳಿರಲಿಲ್ಲ. ಕೇಳಬಾರದ್ದನ್ನು ಕೇಳದೆ ತಿಳಿದುಕೊಳ್ಳುವ ಅಭ್ಯಾಸ ನನಗೆ ಬೇಗ ಬಂತು.

ಅಮ್ಮ ಒಮ್ಮೆ ಮಾತ್ರ ಹೇಳಿದ್ದಳು. "ಊರಾಗ ನಮ್ಮವ್ವನ ಸೀರಿ ಯಾವ ಮಡಿವಾಳರೂ ಮುಟ್ಟತಿದ್ದಿಲ್ಲ. ಇವ್ರು ಮನಿಗೇ ಬಂದು ಕೇಳಿ ಒಯ್ತಾರ ನೋಡು." ಆ ದಿನ ಬಾಗಿಲಿಗೆ ಬಂದ ಇಸ್ತ್ರಿ ತಾತನಿಗೆ ಅವಳು ಚಹಾ ಕೊಟ್ಟಿದ್ದಳು. ಅವರು ಕಟ್ಟೆಯ ಮೇಲೆ ಕುಳಿತು ಕುಡಿದು, ಲೋಟ ತೊಳೆಯಲು ಹೋಗದೆ, ಕೈಗೇ ಕೊಟ್ಟು ಹೋಗಿದ್ದರು.

ಅವರಿಗೆ ಓದು ಬರುತ್ತಿರಲಿಲ್ಲ, ಅಂಕಿ ಗೊತ್ತಿತ್ತು. ಯಾವ ಬಟ್ಟೆ ಯಾರದು ಎಂದು ತಿಳಿಯಲು ಒಂದೊಂದು ಮನೆಗೆ ಒಂದೊಂದು ಬಣ್ಣದ ದಾರ. ಕಾಲರಿನ ಒಳಗೋ ಸೀರೆಯ ಅಂಚಿನಲ್ಲೋ ಮೂರು ಸಣ್ಣ ಹೊಲಿಗೆ. ನಮ್ಮ ಬೀದಿಯ ಕೊನೆ ಮನೆಗೆ ಕೆಂಪು, ಪಕ್ಕದವರಿಗೆ ಹಸಿರು, ಎದುರಿನವರಿಗೆ ಹಳದಿ. ಅವರ ಕಣ್ಣು ಮಂಜಾಗಿತ್ತು. ಶಾಲೆಯಿಂದ ಬರುವಾಗ ನಾನು ಮರದ ಕೆಳಗೆ ನಿಂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ದಾರದ ಉಂಡೆಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಅದರಲ್ಲಿ ಬಿಳಿಯದೂ ಒಂದಿತ್ತು, ಉದುರಿದ ಗುಂಡಿ ಹಚ್ಚಲು.

ಕೆಲಸದಲ್ಲಿ ಅವರದು ಎರಡು ಪದ್ಧತಿ. ಬಟ್ಟೆ ಹಾಸುವ ಮುಂಚೆ ಅದರ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆಯುತ್ತಿದ್ದರು. ತೇವ ನೋಡುತ್ತಾರೆ ಎಂದು ನಾನು ತಿಳಿದಿದ್ದೆ. ಜೇಬಿನಲ್ಲಿ ಏನು ಸಿಕ್ಕಿದರೂ, ಬಸ್ಸಿನ ಟಿಕೆಟ್ಟಾದರೂ ಸರಿ, ಅದನ್ನೂ ಪೆಟ್ಟಿಗೆಯಿಂದ ಒತ್ತಿ ನೆಟ್ಟಗೆ ಮಾಡಿ, ಗಂಟಿನ ಮೇಲೆ ಕಾಣುವಂತೆ ಇಟ್ಟು ಕೊಡುತ್ತಿದ್ದರು.

ಎಲ್ಲರ ಬಟ್ಟೆಯಲ್ಲೂ ಗುರುತು ಇತ್ತು, ನಮ್ಮದರಲ್ಲಿ ಇರಲಿಲ್ಲ. ನನ್ನ ಅಂಗಿಯ ಕಾಲರನ್ನು ಎಷ್ಟೋ ಸಲ ಮಗುಚಿ ನೋಡಿದ್ದೇನೆ. ಬಣ್ಣದ ಒಂದು ಎಳೆಯೂ ಇಲ್ಲ. ಹಾಗಾದರೆ ನಮ್ಮದನ್ನು ಬೇರೆ ಹೇಗೋ ಗುರುತಿಸುತ್ತಾರೆ, ಬೇರೆಯೇ ಇಡುತ್ತಾರೆ... ನಾನು ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದೆ. ನಮ್ಮ ಬಣ್ಣ ಯಾವುದು ತಾತ ಎಂದು ಕೇಳಬಹುದಿತ್ತು. ದಿನವೂ ಸೂಜಿ ಪೋಣಿಸುತ್ತಿದ್ದವಳಿಗೆ ಅದೊಂದು ಮಾತು ಬಾಯಿಗೆ ಬರಲಿಲ್ಲ.

ಹತ್ತನೇ ತರಗತಿಯ ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ಉಪಾಯ ಮಾಡಿದೆ. ದಾರವೇ ಬೇಡ, ಪ್ರತಿ ಗಂಟಿಗೂ ಮನೆ ನಂಬರಿನ ಚೀಟಿ. ಆಗ ನಮಗೂ ಒಂದು ಗುರುತಾಗುತ್ತದೆ, ಎಲ್ಲರಿಗಿದ್ದಂಥದೇ. ಅವರಿಗೆ ಹೇಳಿದ್ದು ಮಾತ್ರ, ಸೂಜಿಯ ಕಷ್ಟ ತಪ್ಪುತ್ತದೆ ಎಂದು. ಆ ವಾರ ಅವರು ಎರಡು ಸಲ ಬಟ್ಟೆ ಅದಲುಬದಲು ಮಾಡಿ ಬೈಸಿಕೊಂಡಿದ್ದರು. "ಆಗ್ಲಿ ಯವ್ವಾ. ನನ್ನ ತಲಿಗಿಂತ ನಿನ್ನ ಚೀಟಿ ಚಲೋ" ಎಂದರು. ಅಪ್ಪನ ಹತ್ತಿರ ಬಡಾವಣೆಯ ನಕ್ಷೆ ಇತ್ತು. ಅದನ್ನು ನೋಡಿ ರಟ್ಟಿನ ತುಂಡುಗಳ ಮೇಲೆ ಅಂಕಿ ಬರೆದು, ಆಯಾ ಮನೆಯ ಗಂಟಿಗೆ ನಾನೇ ಪಿನ್ನು ಚುಚ್ಚಿ ಕೊಟ್ಟೆ. ಬಹಳ ಅಚ್ಚುಕಟ್ಟಾಗಿ ಬರೆದಿದ್ದೆ.

ನಕ್ಷೆಯಲ್ಲಿದ್ದದ್ದು ಸೈಟಿನ ನಂಬರು. ತಾತ ನೋಡಿ ಗಂಟು ಕೊಟ್ಟದ್ದು ಗೇಟಿನ ಪಕ್ಕದ ಗೋಡೆಗಳ ಮೇಲೆ ಬರೆಸಿದ್ದ ಮನೆ ನಂಬರು. ಎರಡಕ್ಕೂ ಸಂಬಂಧವೇ ಇರಲಿಲ್ಲ. ನಮ್ಮ ಸೈಟು ಹದಿನಾಲ್ಕು. ಗೋಡೆಯ ಮೇಲೆ ಹದಿನಾಲ್ಕು ಇದ್ದದ್ದು ಕೊನೆ ಮನೆಯದು. ಅಲ್ಲಿನವರೆಲ್ಲರಿಗೂ ಇದು ಗೊತ್ತಿದ್ದ ಸಂಗತಿ. ಚೀಟಿ ಬರೆಯುವಾಗ ನನಗೊಬ್ಬಳಿಗೆ ಹೊಳೆಯಲಿಲ್ಲ.

ಆ ಸಂಜೆ ಇಡೀ ಬೀದಿ ನಗುತ್ತಿತ್ತು. ಕಾಂಪೌಂಡಿನ ಮೇಲಿಂದ ಅಂಗಿಗಳು ಹಾರಾಡಿದವು. "ಏನ್ರೀ, ನಿಮ್ಮನಿಯವ್ರ ಪ್ಯಾಂಟು ನಮ್ಮನಿಗೆ ಬಂದತಿ, ಒಳಗ ಮನಿಷಾ ಇಲ್ಲ" ಎಂದು ಪಕ್ಕದ ಮನೆಯವರು ಕೂಗಿದರೆ, ಎದುರಿನವರು "ಪ್ಯಾಂಟ್ ನೀವ ಇಟಗೋರಿ, ಮನಿಷಾನ್ನ ಬೇಕಂದ್ರೂ ಕಳಸ್ತೀನಿ" ಎಂದರು. ಇಸ್ತ್ರಿ ತಾತ ಗಾಡಿಗೆ ಒರಗಿ ತಲೆ ಕೆರೆಯುತ್ತ, "ಓದಿದೋರು ಬರ್ದದ್ದು ಅಂತ ಕಣ್ಮುಚ್ಚಿ ಕೊಟ್ಟೆ ನೋಡ್ರಿ" ಎಂದು ತಾವೂ ನಕ್ಕರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಎಲ್ಲರ ಬಟ್ಟೆಯೂ ತಿರುಗಿ ಬಂತು. ನಮ್ಮದು ಬರಲಿಲ್ಲ.

ರಾತ್ರಿ ಕೊನೆ ಮನೆಯಲ್ಲೇ ಉಳಿದು, ಅದು ಮರುದಿನ ಬೆಳಿಗ್ಗೆ ನಮ್ಮ ಗೇಟಿನ ಮೇಲೆ ನೇತಾಡುತ್ತಿತ್ತು. ಗಂಟಿನ ಮೇಲೆ, ಅಪ್ಪನ ಜೇಬಿನಲ್ಲಿದ್ದ ಕರಪತ್ರ. ಬುದ್ಧ ಹುಣ್ಣಿಮೆಯ ಸಭೆಯದು, ನೀಲಿ ಕೋಟಿನ ಚಿತ್ರ, ಕೆಳಗೆ ಸಂಚಾಲಕರೆಂದು ಅಪ್ಪನ ಹೆಸರು. ತಾತ ಅದನ್ನು ಒಂದು ಸುಕ್ಕಿಲ್ಲದಂತೆ ಒತ್ತಿ, ಕಾಣುವಂತೆ ಇಟ್ಟಿದ್ದರು, ಎಂದಿನಂತೆ.

ಆ ದಿನವೇ ಚೀಟಿಗಳನ್ನು ವಾಪಸು ತರಲು ನಾನು ಹೊಂಗೆ ಮರದ ಹತ್ತಿರ ಹೋದಾಗ ಕೊನೆ ಮನೆಯ ಆಂಟಿ ಅಲ್ಲೇ ಇದ್ದರು. ಆಂಟಿ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವರು. ನಾನು ಮರದ ಆ ಕಡೆ ನಿಂತೆ.

"ತಾತ, ಅವ್ರ ಬಟ್ಟಿ ನಮ್ಮ ಬಟ್ಟಿ ಕೂಡಿಸಿ ಮಾಡ್ತೀಯೇನು?"

"ಒಂದ ಪೆಟ್ಟಿಗಿ ಐತ್ರಿ ಅಮ್ಮಾರ. ಬಿಸಿನೂ ಒಂದ."

"ಹಂಗಲ್ಲ. ನಮ್ದು ಮೊದ್ಲು ಮುಗಿಸು. ಅವ್ರದಕ್ಕ ಬ್ಯಾರೆ ಬಟ್ಟಿ ಹಾಸಿ ಮಾಡು ಅಂತ. ತಪ್ಪೇನಲ್ಲಲ್ಲ?"

ಇಸ್ತ್ರಿ ತಾತ ಪೆಟ್ಟಿಗೆ ಎತ್ತಿ ಬೂದಿ ಊದಿದರು. "ಮೊದ್ಲು ಯಾವ್ದು, ಹಿಂದಿಂದು ಯಾವ್ದು ನನಗ ನೆನಪಿರಂಗಿಲ್ರಿ. ಭಾಳ ವಯಸ್ಸಾತು."

"ನಿನ್ನೆ ತನಕ ಇತ್ತಲ್ಲ ನೆನಪು?"

"ನಿನ್ನೇನ ಹೋತ್ರಿ. ನೀವೂ ನೋಡಿದ್ರೆಲ್ಲ, ಇಡೀ ಓಣಿ ನಕ್ತು."

ಆಂಟಿ ತಿರುಗಿದಾಗ ನನ್ನನ್ನು ಕಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ಏನವಾ, ರಿಸಲ್ಟ್ ಯಾವಾಗ?" ಎಂದು ಕೇಳಿ, ನನ್ನ ಉತ್ತರಕ್ಕೆ ತಲೆಯಾಡಿಸಿ ಹೋದರು. ಇಸ್ತ್ರಿ ತಾತ ಚೀಟಿಗಳ ಕಟ್ಟನ್ನು ನನ್ನ ಕೈಗಿಟ್ಟರು. "ಅಕ್ಷರ ಚಲೋ ಅದಾವು ಯವ್ವಾ. ಇಟಗೋ" ಎಂದರು. ನಾನು ಕೇಳಿಸಿಕೊಂಡದ್ದು ತಾತನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಆ ವಾರ ಗಾಡಿಯ ಮೇಲಿನ ಗಂಟುಗಳು ಕಡಿಮೆಯಾದವು. ಮೊದಲು ಕೊನೆ ಮನೆ, ಆಮೇಲೆ ಅದರ ಪಕ್ಕದ್ದು, ಆಮೇಲೆ ಇನ್ನೂ ಕೆಲವು. ಯಾರೂ ಕಾರಣ ಹೇಳಲಿಲ್ಲ. ಮಧ್ಯಾಹ್ನಕ್ಕೇ ಕೆಲಸ ಮುಗಿದು ಅವರು ಪಾರ್ಕಿನ ಕಟ್ಟೆಯ ಮೇಲೆ ಬಸ್ಸಿನ ಹೊತ್ತಿಗೆ ಕಾಯುತ್ತ ಕೂತಿರುತ್ತಿದ್ದರು. ನಾನು ಕೇಳಿದ್ದನ್ನು ಅಮ್ಮನಿಗೆ ಹೇಳಿದೆ. ಅವಳು ಶಾಲೆಯಿಂದ ಬಂದು ಇನ್ನೂ ಚೀಲ ಇಳಿಸಿರಲಿಲ್ಲ. ಹಾಗೇ ಕುರ್ಚಿಯಲ್ಲಿ ಕೂತಳು. ಸಿಟ್ಟು ಬರಲಿಲ್ಲ ಅವಳಿಗೆ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

"ನಮ್ಮ ಸಲುವಾಗಿ ಆ ಮನಿಷಾ ಯಾಕ ಉಪಾಸ ಬೀಳ್ಬೇಕು" ಎಂದಳು. ಮರುದಿನವೇ ಪೇಟೆಯಿಂದ ಕರೆಂಟಿನ ಪೆಟ್ಟಿಗೆ ಬಂತು. ಬಿಳಿ ಸೀರೆ ಟ್ರಂಕಿನ ತಳಕ್ಕೆ ಹೋಯಿತು. ಇನ್ನು ಮೇಲೆ ನಮ್ಮ ಬಟ್ಟೆ ಇರುವುದಿಲ್ಲ ಎಂದು ಹೇಳಿ ಬರಲು ನನ್ನನ್ನು ಕಳಿಸಿದಳು. ಕಾರಣ ಹೇಳಬೇಡ ಎಂದೂ ಹೇಳಿದಳು. ಹೇಳಿದರೆ ಅವರು ಕೇಳುವುದಿಲ್ಲ, ಬಂದು ಬಟ್ಟೆ ಎತ್ತಿಕೊಂಡು ಹೋಗುತ್ತಾರೆ.

"ಕರೆಂಟ್ ಪೆಟ್ಟಿಗಿ ತಂದೀವಿ ತಾತ" ಎಂದೆ.

ಅವರು ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು ಮಾಡಿದರು. "ಚಲೋ ಆತು. ಬಿಳಿ ಬಟ್ಟಿಗೆ ಬಿಸಿ ಕಮ್ಮಿ ಇಡ್ರಿ, ಹಳದಿ ಆಕ್ಕತಿ" ಎಂದರು. ನಾನು ಹೊರಟಾಗ ಹಿಂದಿನಿಂದ, "ಟೀಚರಮ್ಮಾರಿಗೆ ನನ್ನಿಂದ ಏನರ ಬ್ಯಾಸರ ಆತೇನು? ಆ ಚೀಟಿ ಸಲುವಾಗಿ?" ಎಂದು ಕೇಳಿದರು.

"ಹಂಗೇನಿಲ್ಲ ತಾತ" ಎಂದೆ. ಅಷ್ಟೇ ಅಂದದ್ದು.

ಒಂದೆರಡು ತಿಂಗಳಲ್ಲಿ ಬಿಟ್ಟಿದ್ದ ಮನೆಗಳೆಲ್ಲ ಮೆಲ್ಲಗೆ ಮತ್ತೆ ಅವರಿಗೇ ಬಟ್ಟೆ ಕೊಡತೊಡಗಿದವು. ಇದ್ದಿಲ ಪೆಟ್ಟಿಗೆಯ ಗೆರೆ ಬೇರೆಲ್ಲೂ ಕೂರುತ್ತಿರಲಿಲ್ಲವಂತೆ. ಕೊನೆ ಮನೆಯ ಆಂಟಿಯೂ ಕೊಟ್ಟರು. ಅವರಿಗೆ ಬೇಕಾದದ್ದು ಆಗಿತ್ತು. ಬೇರೆ ಬಟ್ಟೆ ಹಾಸುವ ಪ್ರಶ್ನೆಯೇ ಇರಲಿಲ್ಲ. ಕೊಡದೆ ಉಳಿದದ್ದು ನಮ್ಮದೊಂದೇ ಮನೆ. ಇಸ್ತ್ರಿ ತಾತ ಕಂಡಂತೆ, ಅವರು ಯಾರ ಪರವಾಗಿ ಮಾತಾಡಿದ್ದರೋ ಅವರೇ ಬಿಟ್ಟುಹೋದವರು. ಪಿಯುಸಿಗೆ ಹೋಗುವಾಗ, ಬರುವಾಗ ನಾನು ಹೊಂಗೆ ಮರವಿದ್ದ ಬದಿಯ ರಸ್ತೆ ಬಿಟ್ಟು ಪಾರ್ಕಿನ ಇನ್ನೊಂದು ಬದಿಯಿಂದ ನಡೆಯುತ್ತಿದ್ದೆ. ಕೆಲವು ಸಲ ಅವರು ಸೂಜಿಯನ್ನು ಬೆಳಕಿಗೆ ಹಿಡಿದು ನಿಂತದ್ದು ದೂರದಿಂದ ಕಾಣುತ್ತಿತ್ತು...

ನಾನು ಬಳ್ಳಾರಿಯ ಹಾಸ್ಟೆಲಿನಲ್ಲಿದ್ದ ವರ್ಷ, ಫೋನಿನಲ್ಲಿ ಬೇರೇನೋ ಹೇಳುತ್ತ ಅಮ್ಮ ಇಸ್ತ್ರಿ ತಾತ ತೀರಿಹೋದ ಸುದ್ದಿ ಹೇಳಿದಳು. ಮಣ್ಣಿಗೆ ಬಡಾವಣೆಯಿಂದ ಯಾರೂ ಹೋಗಲಿಲ್ಲವಂತೆ. ಬುಕ್ಕಸಾಗರ ಎಂದಷ್ಟೇ ಗೊತ್ತಿತ್ತು, ಮನೆ ಯಾರಿಗೂ ಗೊತ್ತಿರಲಿಲ್ಲ.

ಭಾನುವಾರ ಸೀರೆ ಇಸ್ತ್ರಿ ಮಾಡಿ ಮುಗಿಸಿ, ಮಡಚುವ ಮುಂಚೆ, ಯಾಕೋ ಅವರು ಮಾಡುತ್ತಿದ್ದಂತೆ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದೆ. ಸೆರಗಿನ ಮೂಲೆಯಲ್ಲಿ ಏನೋ ತಡೆಯಿತು. ಕಿಟಕಿಯ ಬೆಳಕಿಗೆ ಹಿಡಿದರೂ ಮೊದಲು ಕಾಣಲಿಲ್ಲ. ಬಿಳಿಯ ಮೇಲೆ ಬಿಳಿ ದಾರ. ಮೂರು ಸಣ್ಣ ಹೊಲಿಗೆ.

ನಮ್ಮ ಮನೆಯಿಂದ ಹೋಗುತ್ತಿದ್ದದ್ದೆಲ್ಲ ಬಿಳಿ; ಬಣ್ಣದ ದಾರ ಹಾಕಿದರೆ ಎದ್ದು ಕಾಣುತ್ತದೆ, ಬಣ್ಣ ಬಿಡಲೂಬಹುದು. ಅದಕ್ಕೇ ಇರಬೇಕು. ಅವರು ತೇವ ನೋಡುತ್ತಿರಲಿಲ್ಲ. ನಮ್ಮ ಮನೆ ಹುಡುಕುತ್ತಿದ್ದರು. ಆ ಬಿಳಿ ದಾರವನ್ನು ನಾನೇ ಎಷ್ಟು ಸಲ ಪೋಣಿಸಿ ಕೊಟ್ಟಿದ್ದೆನೋ, ಗುಂಡಿಗೆ ಎಂದುಕೊಂಡು.

ಅಮ್ಮ ಬಂದು ಏನದು ಎಂದಳು. ಏನಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಲಿಲ್ಲ. ಅವಳ ಕೈ ಹಿಡಿದು ಹೆಬ್ಬೆರಳನ್ನು ಆ ಜಾಗದ ಮೇಲಿಟ್ಟೆ. ಅವಳು ಸುಮಾರು ಹೊತ್ತು ಮುಟ್ಟಿ ನೋಡಿದಳು.

"ನಮ್ದೂ ಇತ್ತಲ್ಲ" ಎಂದಳು.

ಆಮೇಲೆ ಒಳಗೆ ಹೋಗಿ ಮಲಗಿದಳು. ನಾನು ಪೆಟ್ಟಿಗೆಯ ಬಿಸಿ ಕಮ್ಮಿ ಮಾಡಿ, ಮೂಲೆಯೊಂದನ್ನು ಬಿಟ್ಟು, ಉಳಿದ ಸೀರೆಯನ್ನು ಇನ್ನೊಮ್ಮೆ ಒತ್ತಿದೆ.