ಉಪ್ಪಿನಕಾಯಿ ಕೊಂದವರು ಯಾರು

ಬೆಳಕು ಹರಿಯುವುದರೊಳಗೆ ಬಾಳವ್ವ ತನ್ನ ಮನೆಯ ಕಸ ಗುಡಿಸಿ, ನಲ್ಲಿ ನೀರು ಹಿಡಿದು, ಮಗನಿಗೆ ಡಬ್ಬಿ ಕಟ್ಟಿ, ಮಿರಜ ಪೇಟೆಯ ಅರಿಸಿನ ವ್ಯಾಪಾರಿ ಬಸಲಿಂಗಪ್ಪನವರ ಮನೆಗೆ ನಡೆದು ಬಂದು, ಹಾಲು ಕಾಸಿ, ಕಟ್ಟೆ ಒರೆಸಿ, ಹಿಟ್ಟು ನಾದಿ, ಇಪ್ಪತ್ತು ರೊಟ್ಟಿ ಬಡಿದಿರುತ್ತಾಳೆ. ಆಮೇಲೆ ಆ ಮನೆಯವರಿಗೆ ಬೆಳಗಾಗುತ್ತದೆ.

ಹನ್ನೆರಡು ವರ್ಷದಿಂದ ಹೀಗೆಯೇ. ಈಚೆಗೆ ಒಂದು ಹೊಸ ರುಚಿ ಹತ್ತಿದೆ. ಮನೆಯ ಸೊಸೆ ಸ್ನೇಹಲ ಸೊಪ್ಪು ಸೋಸುತ್ತ ತಾನು ಓದಿದ ಕೊಲೆಯ ಕಥೆಗಳನ್ನು ಹೇಳುತ್ತಾಳೆ. ಕೊಲೆಯಾದರೂ ಯಾರೂ ಊಟ ಬಿಡದ, ಹೂದೋಟದ ಊರುಗಳ ಕಥೆಗಳು.

"ಹೆಣ ಬಿದ್ದ ಮನಿಯಾಗೂ ನಾಕ ಗಂಟೆಕ್ಕ ಚಹಾ ಬರತೈತಿ ಅಂತೀರಿ. ಮಾಡಾವ್ರು ಯಾರ್ರಿ, ವೈನಿ?" ಎಂದು ಬಾಳವ್ವ ಕೇಳುತ್ತಾಳೆ.

"ಪುಸ್ತಕದಾಗ ಬರದಿಲ್ಲ, ಮಾವಶಿ."

"ಮತ್ತ ಜಮಖಾನಿ ಮ್ಯಾಲಿನ ರಕ್ತದ ಕಲೆ ತೊಳಿಯಾವ್ರು? ಪತ್ತೇದಾರ ಮುದುಕಿ ದಿನಾ ಸ್ವೆಟರ ಹೆಣಕೋಂತ ಕುಂದರತಾಳಂದ್ರ ಆಕಿ ಮನಿ ಭಾಂಡಿ ಯಾರೋ ತಿಕ್ಕತಿರಬೇಕು. ಆ ಭಾಂಡಿ ತಿಕ್ಕಾಕಿನ್ನ ಕೇಳ್ರಿ. ಕೊಲೆಗಾರ ಯಾರಂತ ಮೊದಲನೇ ಪುಟದಾಗ ಹೇಳತಾಳ."

ಶ್ರಾವಣದ ಒಂದು ಬೆಳಿಗ್ಗೆ ಈ ಮನೆಯಲ್ಲೂ ಹೆಣ ಸಿಕ್ಕಿತು: ಬೇಸಿಗೆಯಲ್ಲಿ ಹಾಕಿಟ್ಟ ಒಂದು ಭರಣಿ ಮಾವಿನ ಉಪ್ಪಿನಕಾಯಿ. ಬಟ್ಟೆ ಬಿಚ್ಚಿದರೆ ಒಳಗೆ ಬೂಷ್ಟು.

ಅತ್ತೆ ಗುರುಶಾಂತವ್ವ ನಿಂತಲ್ಲೇ ತನಿಖೆ ಮುಗಿಸಿದರು. "ಸ್ನೇಹಲ ಹೊರಗಾದಾಗ ಕೈ ಹಚ್ಚ್ಯಾಳ. ಇನ್ನ ಮ್ಯಾಲೆ ತಿಂಗಳಾ ಮೂರ ದಿನಾ ಅಡಗಿಮನಿ ಹೊಸ್ತಿಲಾ ದಾಟೂದಿಲ್ಲ."

"ಲಿಂಗ ಕಟ್ಟಿದವ್ರಿಗೆ ಸೂತಕ ಇಲ್ಲ ಅಂತ ನೀವ ಹೇಳತೀರಿ ನಾ, ಆಯಿ?" ಎಂದಳು ಸೊಪ್ಪು ಸೋಸುತ್ತಿದ್ದ ಸ್ನೇಹಲ.

"ನಮಗಿಲ್ಲ. ಉಪ್ಪಿನಕಾಯಿಗೆ ಐತಿ."

ಎರಡು ವರ್ಷ ಜಗಳಾಡಿ ಸ್ನೇಹಲ ಆ ಮೂರು ದಿನದ ಮೂಲೆಯಿಂದ ಎದ್ದು ಬಂದಿದ್ದಳು. ಈಗ ಅತ್ತೆಯ ಕೈಗೆ ಸಾಕ್ಷಿ ಸಿಕ್ಕಿತ್ತು. ಅವಳು ಸೊಪ್ಪಿನ ಬುಟ್ಟಿ ಅಲ್ಲೇ ಬಿಟ್ಟು ಕೋಣೆಗೆ ಹೋದಳು.

"ಚೆಲ್ಲಿ, ಭರಣಿ ತೊಳದ ಇಡು," ಎಂದು ಬಾಳವ್ವನಿಗೆ ಹೇಳಿ ಗುರುಶಾಂತವ್ವ ಪಡಸಾಲೆಗೆ ನಡೆದರು.

ಬಚ್ಚಲಲ್ಲಿ ಬಾಳವ್ವನಿಗೆ ಸುಮ್ಮನಿರಲಾಗಲಿಲ್ಲ. ಭರಣಿಯನ್ನು ಬೆಳಕಿಗೆ ಹಿಡಿದಳು. ತಾನು ತೆಗೆಯುವುದು ಒಣ ಸೌಟಿನಿಂದ, ಮಟ್ಟಸವಾಗಿ. ಇಲ್ಲಿ ಒಂದೇ ಮಗ್ಗುಲಲ್ಲಿ ಬೆರಳಿನಿಂದ ಕೆದರಿದ ಗುಣಿ. ಬೂಷ್ಟು ಹುಟ್ಟಿದ್ದೂ ಅಲ್ಲಿಂದಲೇ. ಬಾಯಿಗೆ ಕಟ್ಟಿದ್ದ ಬಟ್ಟೆಯ ಮೇಲೆ ಮೂರು ಬೆಳ್ಳನೆಯ ಗೆರೆ. ಮೂಸಿದಳು. ವಿಭೂತಿ.

ಈ ಮನೆಯಲ್ಲಿ ವಿಭೂತಿ ಹಚ್ಚಿದ ಹಸಿ ಕೈಯಲ್ಲೇ ಲಿಂಗಪೂಜೆಯಿಂದ ಏಳುವವರು ಒಬ್ಬರೇ. ಬಿಪಿ ಎಂದು ಡಾಕ್ಟರು ಉಪ್ಪಿನಕಾಯಿ ಬಿಡಿಸಿದ್ದೂ ಅವರಿಗೇ.

ಅಂಗಡಿಗೆ ಹೊರಟ ಸ್ನೇಹಲಳ ಮಾವ ಬಸಲಿಂಗಪ್ಪ ಕಾಲು ತೊಳೆಯಲು ಬಚ್ಚಲಿಗೆ ಬಂದವರು ಅವಳ ಕೈಯ ಬಟ್ಟೆ ನೋಡಿ ನಿಂತರು.

"ಸೌಟ ಬಾಜೂಕ ಇತ್ತಲ್ರಿ, ಸಾವಕಾರ್ರ?"

"ಎರಡ ಹೋಳ ಅಷ್ಟ, ಬಾಳವ್ವ. ಬಾಯಿ ಬಿಡಬ್ಯಾಡ. ಹೆಣ್ಮಕ್ಕಳ ಜಗಳಾ, ನಾಕ ದಿನಕ್ಕ ತಣ್ಣಗಾಗತೈತಿ." ಕಾಲು ತೊಳೆಯದೆಯೇ ಹೊರಟುಹೋದರು.

ಕಥೆಯಲ್ಲಾದರೆ ಪತ್ತೇದಾರರು ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಬೆರಳು ತೋರಿಸಿ ಹೋಗಿಬಿಡುತ್ತಾರೆ. ಮರುದಿನ ಅದೇ ಮನೆಯಲ್ಲಿ ರೊಟ್ಟಿ ಬಡಿಯುವ ಗರಜು ಅವರಿಗಿರುವುದಿಲ್ಲ. ಹನ್ನೆರಡು ವರ್ಷದ ಕೆಲಸ ಸಂಜೆಯವರೆಗೆ ಉಳಿಯುತ್ತದೋ ಇಲ್ಲವೋ, ಬಾಳವ್ವನಿಗೆ ಗೊತ್ತಿರಲಿಲ್ಲ. ಬಟ್ಟೆಯನ್ನು ಒಮ್ಮೆ ನೀರಿಗೆ ಅದ್ದಿದರೆ ಸಾಕು, ಯಾರೂ ಏನೂ ಕೇಳುವುದಿಲ್ಲ.

ನಲ್ಲಿ ಸುರಿಯುತ್ತಲೇ ಇತ್ತು. ಅವಳು ಅದನ್ನು ಬಂದ್ ಮಾಡಿದಳು. ಗೆರೆ ಅಳಿಯದ ಹಾಗೆ ಬಟ್ಟೆಯನ್ನು ಭರಣಿಯ ಮೇಲೆ ಹರವಿ, ಸೊಂಟಕ್ಕೆತ್ತಿಕೊಂಡು, ಗುರುಶಾಂತವ್ವ ಕುಳಿತಿದ್ದ ಪಡಸಾಲೆಗೆ ನಡೆದಳು.