ಪಟ್ಟಿಯ ಮೊದಲ ಹೆಸರು

ನಮ್ಮೂರಿನವರು ಇವತ್ತಿಗೂ ನನ್ನನ್ನು ‘ಫಸ್ಟವ್ವ’ ಅಂತಲೇ ಕರೆಯುವುದು. ಕರೆದ ಮೇಲೆ ಒಂದು ಕೊಕ್ಕೆ ಹಾಕದೆ ಬಿಡುವುದಿಲ್ಲ: “ಅಲ್ಲ ಕಣವ್ವ, ಹಾಕಿಲಿ ಎಲ್ಲಾರ್ಗಿಂತ ಫಸ್ಟ್ ಬಂದೋಳು, ಇಂಡಿಯಾ ಟೀಮ್‌ಗೆ ಯಾಕ್ ಓಗ್ನಿಲ್ಲ?” ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಕೇಳುತ್ತದೆ. ಇಂಡಿಯಾ ಟೀಮಿಗೆ ನಾನು ಹೋಗಲಿಲ್ಲ, ನಿಜ. ಎರಡು ವರ್ಷ ರಾಜ್ಯ ತಂಡದ ಅಂಗಿ ತೊಟ್ಟೆ. ಈಗ ಎಚ್.ಡಿ. ಕೋಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ಸೀಟಿ ಊದಿಕೊಂಡು, ಹೆಣ್ಣುಮಕ್ಕಳನ್ನು ಬೈದುಕೊಂಡು ಇದ್ದೇನೆ. ನನ್ನ ಮೇಲಿಟ್ಟ ನಂಬಿಕೆ ಉಳಿಸಿಕೊಂಡೆನೇ ಎಂದರೆ, ಉಳಿಸಿಕೊಂಡೆ. ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ‘ಫಸ್ಟ್’ ಅನ್ನುವುದರ ಕತೆಯೇ ಬೇರೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕು, ಹಾರನಹಳ್ಳಿ ಪಕ್ಕದ ಹಳ್ಳಿ. ಹೊಲದಲ್ಲಿ ಹೊಗೆಸೊಪ್ಪು. ಕಿತ್ತ ಎಲೆಯನ್ನು ಬ್ಯಾರನ್ನಿನ ಬಿಸಿಗೂಡಿನಲ್ಲಿ ಬೇಯಿಸುವ ಮೊದಲು ಕೋಲಿಗೆ ದಾರದಿಂದ ಕಟ್ಟಬೇಕು. ಎಡಗೈಯಲ್ಲಿ ಎಲೆ, ಬಲಗೈಯಲ್ಲಿ ದಾರ, ಮಣಿಕಟ್ಟು ಒಂದು ಸಲ ತಿರುಗಿದರೆ ಮುಗಿಯಿತು. ನಾನು ಲಂಗ ಹಾಕುವ ವಯಸ್ಸಿನಿಂದ ಕಟ್ಟಿದವಳು. ನಮ್ಮ ಹೈಸ್ಕೂಲಿಗೆ ಕೊಡಗಿನ ಕಡೆಯಿಂದ ಒಬ್ಬರು ಡ್ರಿಲ್ ಮೇಷ್ಟ್ರು ಬಂದರು. ಹಾಕಿ ಬಿಟ್ಟರೆ ಮಿಕ್ಕ ಆಟಗಳು ಅವರಿಗೆ ಆಟವೇ ಅಲ್ಲ. ನನ್ನ ಕೈಗೆ ಸ್ಟಿಕ್ ಕೊಟ್ಟು ಎರಡು ದಿನ ನೋಡಿ, “ಈ ಮಣಿಕಟ್ಟು ಎಲ್ಲಿ ಕಲಿತೆ ನೀನು?” ಎಂದರು.

“ಸೊಪ್ಪು ಕಟ್ಟಿ ಕಟ್ಟಿ ಬಂದದೆ ಸಾ,” ಅಂದೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವರೇ ನನ್ನನ್ನು ಮೈಸೂರಿಗೆ, ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಕರೆದುಕೊಂಡು ಹೋದರು. ಆಡಿ ಬಂದೆ. ಪಟ್ಟಿ ಹಾಕುವ ದಿನ ಮಾತ್ರ ಅಪ್ಪ ಯಾರ ಮಾತೂ ಕೇಳದೆ ತಾನೇ ಬಸ್ಸು ಹತ್ತಿದ. ಸಂಜೆ ಇಳಿದವನು ಮನೆಯವರೆಗೂ ಓಡಿಕೊಂಡೇ ಬಂದ.

“ಆಯ್ತು ಕಣವ್ವ! ಮೇಲಿಂದ ಮೊದಲ್ನೇ ಎಸ್ರೇ ನಿಂದು! ಎಲ್ಲಾರ್ಗಿಂತ ಮೇಲೆ!”

ಅರಳಿಕಟ್ಟೆಗೆ ಹೋಗಿ ಅದನ್ನೇ ಇನ್ನೂ ಜೋರಾಗಿ ಹೇಳಿದ. ಅವ್ವ ಬೀದಿಗೆಲ್ಲ ಸಕ್ಕರೆ ಹಂಚಿದಳು. ಅವತ್ತು ಸಂಜೆಯೇ ನಾನು ಫಸ್ಟವ್ವ ಆದೆ.

ಹಾಸ್ಟೆಲಿಗೆ ಸೇರಿದಾಗ ಆ ಪಟ್ಟಿ ಇನ್ನೂ ಬೋರ್ಡಿನ ಮೇಲಿತ್ತು. ಕಣ್ತುಂಬ ನೋಡೋಣ ಅಂತ ಹೋದೆ. ಮೊದಲು ನಾನು. ಕೆಳಗೆ ಆ, ಇ, ಕ, ಗ, ಹಾಗೇ ಇಳಿದು ಕೊನೆಗೆ ಹ. ಅಯ್ಯೋ ನನ್ನ ಕರ್ಮವೇ! ಅದು ಅಕಾರಾದಿ ಪಟ್ಟಿ. ನನ್ನ ಹೆಸರು ‘ಅ’ದಿಂದ ಶುರುವಾಗುತ್ತದೆ, ಅಷ್ಟೇ ನನ್ನ ಹೆಚ್ಚುಗಾರಿಕೆ. ಮಾರನೆಯ ದಿನ ಕೋಚ್ ಮೇಡಂ ನಮ್ಮನ್ನು ಆಯ್ಕೆಯಲ್ಲಿ ಸಿಕ್ಕ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರು. ನನ್ನ ಹಿಂದೆ ಯಾರೂ ಇರಲಿಲ್ಲ.

ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಊರಿಗೆ ಗೊತ್ತಾದರೆ ಅಪ್ಪ ಅರಳಿಕಟ್ಟೆಯಲ್ಲಿ ತಲೆ ಎತ್ತಿ ಕೂರುವ ಹಾಗಿಲ್ಲ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಗುತ್ತದೆ. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಅಪ್ಪ ಹೇಳಿದ ಮಾತನ್ನು ಸುಳ್ಳು ಅನ್ನುವ ಬದಲು ಅದನ್ನೇ ನಿಜ ಮಾಡಿಬಿಡುತ್ತೇನೆ ಅಂತ ಹಟ ಹಿಡಿದೆ. ಉಳಿದವರು ಹತ್ತು ಸುತ್ತು ಓಡಿದರೆ ನಾನು ಹನ್ನೆರಡು. ಆದರೂ ಇಡೀ ವರ್ಷ ಬೆಂಚಿನ ಮೇಲೇ ಕೂತೆ. ರಜಕ್ಕೆ ಊರಿಗೆ ಹೋದರೆ “ಏನ್ ಫಸ್ಟವ್ವ, ಎಷ್ಟ್ ಗೋಲ್ ಒಡ್ದೆ?” ಅನ್ನುವವರು. ನಾನು ಡಿಫೆಂಡರ್, ಗೋಲು ಹೊಡೆಯುವುದು ನನ್ನ ಕೆಲಸವಲ್ಲ ಅಂತ ರೇಗುತ್ತಿದ್ದೆ. ಅಷ್ಟು ಮಟ್ಟಿಗೆ ಅದು ಸತ್ಯವೂ ಆಗಿತ್ತು.

ಎರಡನೆಯ ವರ್ಷ ಕೃಷ್ಣರಾಜನಗರದಲ್ಲಿ ಟೂರ್ನಮೆಂಟು. ಮೊದಲ ದಿನವೇ ನಮ್ಮೂರಿನವರು ಒಂದು ಟೆಂಪೊ ತುಂಬ ಬಂದಿಳಿದರು. ಮುಂದೆ ಅಪ್ಪ, ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಆಟ ಶುರುವಾಯಿತು, ನಾನು ಬೆಂಚಿನ ಮೇಲೆ. ಹಿಂದಿನಿಂದ ಯಾರೋ ಕೇಳಿದರು, “ಇದ್ಯಾಕ್ಲಾ, ಫಸ್ಟವ್ವ ಕೂತವ್ಳೆ?”

“ಒಳ್ಳೆ ಎತ್ತ ಮೊದ್ಲೇ ನೊಗಕ್ಕೆ ಊಡ್ತಾರೇನ್ಲಾ? ಸುಮ್ಕಿರು!” ಅಪ್ಪನ ದನಿ.

ದ್ವಿತೀಯಾರ್ಧದಲ್ಲಿ ನಮ್ಮ ಒಬ್ಬಳ ಕಾಲು ಉಳುಕಿತು. ಮೇಡಂ ನನ್ನ ಕಡೆ ಕೈ ತೋರಿಸಿದರು. ನಾವು ಒಂದು ಗೋಲು ಮುಂದಿದ್ದೆವು. ಕೊನೆಯ ನಿಮಿಷದಲ್ಲಿ ಎದುರಿನವರಿಗೆ ಪೆನಾಲ್ಟಿ ಕಾರ್ನರ್. ಚೆಂಡು ನಮ್ಮ ಗೋಲ್‌ಕೀಪರನ್ನು ದಾಟಿ ನೇರ ಗೋಲಿನ ಗೆರೆಯ ಕಡೆ ಬಂತು. ಯೋಚನೆ ಮಾಡಲು ಹೊತ್ತೆಲ್ಲಿ? ಸೊಪ್ಪು ಕಟ್ಟುವ ಮಣಿಕಟ್ಟು ತಾನಾಗಿ ತಿರುಗಿತು. ಚೆಂಡು ಗೆರೆಯ ಮೇಲೇ ನಿಂತಿತು, ಮರುಕ್ಷಣ ಅದನ್ನು ಆಚೆ ಕಳಿಸಿದೆ. ಗೆದ್ದೆವು. ಮೇಡಂ ಹತ್ತಿರ ಬಂದು, “ನಾಳೆ ಮೊದಲಿನಿಂದ ನೀನೇ ಆಡು,” ಎಂದಷ್ಟೇ ಹೇಳಿದರು.

ಅಪ್ಪ ಟೆಂಪೊ ಹತ್ತುವ ಮುಂಚೆ ಅವನನ್ನು ಪಕ್ಕಕ್ಕೆ ಕರೆದು ಮೇಡಂ ಹೇಳಿದ್ದನ್ನು ತಿಳಿಸಿದೆ. ಆಡಿ ತೋರಿಸಿದ ಮೇಲೆ ಇನ್ನು ಮುಚ್ಚಿಡುವುದು ಬೇಡ ಅನ್ನಿಸಿತ್ತು.

“ಅಪ್ಪ, ಅವತ್ತು ನಾನು ಫಸ್ಟ್ ಬಂದಿರ್ನಿಲ್ಲ. ಅಆಇಈ ಲೆಕ್ಕದಲ್ಲಿ ಎಸ್ರು ಬರ್ದಿದ್ರು. ನಾನೇ ಎಲ್ಲಾರ್ಗಿಂತ ಕೊನೆ. ನೀನು ಕೆಳಗಿನ ಎಸ್ರು ಓದಿದ್ರೆ ಗೊತ್ತಾಗಿರೋದು.”

ಅಪ್ಪ ಬೋರ್ಡು ನೋಡಿ ಬಸ್ಸು ಹತ್ತುತ್ತಿದ್ದ, ಸಹಿ ಹಾಕುತ್ತಿದ್ದ. ಓದಲು ಬರುತ್ತದೆಂದೇ ನಾವೆಲ್ಲ ತಿಳಿದಿದ್ದೆವು.

“ನಂಗೆಲ್ಲವ್ವ ಓದಕ್ ಬತ್ತದೆ? ಇಸ್ಕೂಲಿಗೆ ಓಗಿದ್ದೇ ಮೂರ್ ದಿನ. ‘ಅ’ ಒಂದು ಕಲ್ತೆ, ಆಮೇಕೆ ದನ ಕಾಯಕ್ ಕಳಿಸ್‌ಬುಟ್ರು. ನೀನು ಉಟ್ಟಾಗ ಆ ಅಕ್ಸರದಲ್ಲೇ ಎಸ್ರಿಡ್ಸಿದೆ. ಮಿಕ್ಕಿದ್ದ ನಿನ್ ಪುಸ್ತಕದ ಮೇಲೆ ನೋಡಿ ನೋಡಿ ಗುರ್ತಿಟ್ಕಂಡೆ. ಆ ಬೋರ್ಡಲ್ಲಿ ನಂಗೆ ಗೊತ್ತಿದ್ದಿದ್ದು ಅದೊಂದೇ ಎಸ್ರು ಕಣ ಮಗ.”

ನನಗೆ ಅಳು ಬಂತು, ಅತ್ತೇಬಿಟ್ಟೆ. ಅವನು ಅಂಗಿಯ ತೋಳಿನಲ್ಲಿ ನನ್ನ ಮುಖ ಒರೆಸಿ, ಟೆಂಪೊ ಹತ್ತಿ, ಒಳಗೆ ಕೂತವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ: “ನಾಳಿಕ್ಕೂ ಮ್ಯಾಚ್ ಅದಂತೆ ಕಣ್ರಪ್ಪೋ! ನಾಳಿಕ್ಕೆ ಫಸ್ಟಿಂದ್ಲೇ ಆಡ್ತಾಳಂತೆ!”