ಹುಣ್ಣಿಮೆಯ ಬಟ್ಟಲು

ಥುವಾನ್ ಆನ್‌ನ ಬೆಸ್ತರ ಕೇರಿಯಲ್ಲಿ ಹುಣ್ಣಿಮೆಯೆಂದರೆ ಗಂಡಸರು ಮನೆಗೆ ಬರುವ ದಿನ. ಬೆಳದಿಂಗಳು ಚೆಲ್ಲಿದ ಕಡಲಿನಲ್ಲಿ ದೋಣಿಯ ದೀಪಕ್ಕೆ ಬೊಂಡಾಸ ಮೀನು ಮರುಳಾಗಿ ಬರುವುದಿಲ್ಲ. ಬಲೆ ಬೀಸಿ ಪ್ರಯೋಜನವಿಲ್ಲ. ಆದರೆ ಹುಣ್ಣಿಮೆ ಬುದ್ಧನ ದಿನವೂ ಹೌದು. ಅಂದು ಕೇರಿಯ ಯಾವ ಒಲೆಯ ಮೇಲೂ ಮೀನು ಬೇಯುವುದಿಲ್ಲ. ಹೀಗಾಗಿ ಲಾಯ್‌ಳ ಗಂಡ ವಿನ್ ಮನೆಗೆ ಬಂದಾಗಲೆಲ್ಲ ಉಂಡದ್ದು ಸೋಯಾ ಹಾಲು ಒಡೆಸಿ ಮಾಡಿದ ತೋಫುವನ್ನೇ.

“ಊರಿಗೆಲ್ಲ ಮೀನು ತಿನ್ನಿಸೋನು ನಾನು, ನನ್ನ ಬಟ್ಟಲಿಗೆ ಮಾತ್ರ ಸೋಪಿನ ತುಂಡು” ಎಂದು ಅವನು ಗೊಣಗುತ್ತಿದ್ದ.

“ಸೋಪಾದ್ರೆ ಒಳ್ಳೇದೇ ಆಯ್ತು, ಬಾಯಾದ್ರೂ ಶುದ್ಧ ಆಗುತ್ತೆ. ತಿನ್ನಿ” ಎನ್ನುತ್ತಿದ್ದಳು ಲಾಯ್. ಗೊಣಗಿದರೂ ಅವನ ಬಟ್ಟಲು ಪ್ರತಿ ಸಲ ಖಾಲಿಯಾಗುತ್ತಿತ್ತು.

ಅವಳು ಹುಯೆ ಪಟ್ಟಣದ ತೋಫು ಮಾಡುವವರ ಮಗಳು. ಸೋಯಾ ಹಾಲಿನ ಹಬೆಯಲ್ಲಿ ಬೆಳೆದವಳು ಉಪ್ಪುಗಾಳಿಗೆ ಸೊಸೆಯಾಗಿ ಬಂದಿದ್ದಳು. ಹಸಿದು ಬಂದ ಗಂಡ ಕೂತಲ್ಲೇ ನಿದ್ದೆಹೋಗುತ್ತಿದ್ದುದರಿಂದ ಬೇಗ ಅಡುಗೆ ಮಾಡುವುದನ್ನು ಕಲಿತಳು. ದೋಣಿಯ ಸದ್ದು ಹಿನ್ನೀರಿನ ಬಾಯಲ್ಲಿ ಕೇಳಿದೊಡನೆ ಬಾಣಲೆ ಒಲೆಗೇರಬೇಕು. ಅವನು ಕಾಲು ತೊಳೆದು ಬರುವಷ್ಟರಲ್ಲಿ ಇಳಿಯಬೇಕು.

ಮೂರು ಮಳೆಗಾಲದ ಹಿಂದೆ, ಬಿರುಗಾಳಿಯ ಮರುದಿನ, ಅವನ ದೋಣಿ ಮರಳಲಿಲ್ಲ. ದೇಹವೂ ಸಿಗಲಿಲ್ಲ. ಲಾಯ್ ಅವನಿಗೆ ತಿಥಿಯ ದಿನ ಗೊತ್ತುಮಾಡಲು ಒಪ್ಪಲಿಲ್ಲ. ಪ್ರತಿ ಹುಣ್ಣಿಮೆಗೂ ಅವನ ಪಾಲು ಬಡಿಸಿ, ಊಟದ ಕಡ್ಡಿಗಳನ್ನು ಪಕ್ಕದಲ್ಲಿ ಮಲಗಿಸಿ, ಇನ್ನೊಂದು ಬಟ್ಟಲು ಕವುಚಿ ಮುಚ್ಚಿಡುತ್ತಿದ್ದಳು. ದೂರ ಹೋದವರಿಗೆ ಊಟ ಎತ್ತಿಡುವುದು ಹಾಗೆ.

ಈ ಹುಣ್ಣಿಮೆಯ ಸಂಜೆ ವಿನ್‌ನ ಅಕ್ಕ ಮೆನ್ ಒಂದು ಕಟ್ಟು ಊದುಬತ್ತಿ ಹಿಡಿದು ಬಂದಳು. ಲಾಯ್ ಕಾದ ಎಣ್ಣೆಗೆ ತೋಫು ತುಂಡುಗಳನ್ನು ಬಿಡುತ್ತಿದ್ದಳು.

“ಮತ್ತೆ ಎರಡು ಬಟ್ಟಲೇನೇ?”

“ನೀವು ಬಂದ್ರಲ್ಲ ಅಕ್ಕಾ, ಮೂರು ಮಾಡ್ತೀನಿ.”

“ಮಾತು ತಿರುಗಿಸಬೇಡ.”

ತೋಫುವಿನ ಮೈ ಹೊಂಬಣ್ಣಕ್ಕೆ ತಿರುಗಿತು. ಅದನ್ನು ಬದಿಗೆ ತೆಗೆದು, ಜಜ್ಜಿದ ಮಜ್ಜಿಗೆಹುಲ್ಲು, ಅಣಬೆ, ಅಲಸಂದೆಕಾಯಿ, ಟೊಮೆಟೊ ಹಾಕಿ, ಸೋಯಾ ಸಾಸ್ ಸುರಿದು, ತೋಫುವನ್ನು ಮತ್ತೆ ಅದರೊಳಗೆ ಬೆರೆಸಿದಳು. ಮನೆಯೆಲ್ಲ ಘಮ ಹರಡಿತು. ಮೆನ್ ಮೆಲ್ಲಗೆ ಹೇಳಿದಳು:

“ಬದುಕಿದ್ರೆ ಅವನು ಎಲ್ಲೋ ಉಣ್ತಿರ್ತಾನೆ. ಸತ್ತಿದ್ರೆ, ಊದುಬತ್ತಿ ಹಚ್ಚಿ ಕರೆಯೋವರೆಗೂ ಅವನಿಗೆ ಒಂದು ಅಗುಳೂ ಮುಟ್ಟಲ್ಲ. ಇಷ್ಟು ಹುಣ್ಣಿಮೆ ಯಾರಿಗೆ ಬಡಿಸಿದೆ ಲಾಯ್? ನನ್ನ ತಮ್ಮ ಹೊರಗೆ ಹಸಿದು ನಿಂತಿದ್ದಾನೇನೋ ಅಂತ ನನಗೆ ನಿದ್ದೆ ಹತ್ತಲ್ಲ.”

ಲಾಯ್‌ಳ ಕೈಯ ಸೌಟು ನಿಂತಿತು. ಅವನು ಸತ್ತಿರಬಹುದೆಂಬುದನ್ನು ಅವಳು ಸಾವಿರ ಸಲ ನೆನೆದು ದೂಡಿದ್ದಳು. ಹಸಿದಿರಬಹುದೆಂದು ಮಾತ್ರ ಎಂದೂ ಎಣಿಸಿರಲಿಲ್ಲ. ಅವನಿಗೆ ಹಸಿವು ತಡೆಯಲಾಗುತ್ತಿರಲಿಲ್ಲ.

ಬಾಣಲೆ ಕೆಳಗಿಳಿಸಿ ಕೇಳಿದಳು: “ತಿಥಿಗೆ ಮೀನು ಇಡಬೇಕಾ?”

“ಅವನಿಗೆ ಇಷ್ಟವಾದದ್ದು ಇಡೋದು ಪದ್ಧತಿ.”

“ಹಾಗಾದ್ರೆ ಇದನ್ನೇ ಇಡ್ತೀನಿ. ಮೀನು ಅವರಿಗೆ ಕಡಲಲ್ಲೇ ಸಿಗ್ತಿತ್ತು.”

ಅವಳು ಬಟ್ಟಲಿಗೆ ಅನ್ನ ಒತ್ತಿ ತುಂಬಿ, ಮೇಲೆ ತೋಫು ಬಡಿಸಿದಳು. ಕಡ್ಡಿಗಳನ್ನು ಕೈಗೆತ್ತಿಕೊಂಡಳು. ಸತ್ತವರ ಮೊದಲ ಬಟ್ಟಲಿನಲ್ಲಿ ಅವು ನೆಟ್ಟಗೆ ನಿಲ್ಲಬೇಕು. ಎಳವೆಯಲ್ಲಿ ಆಟಕ್ಕೆ ಹಾಗೆ ಚುಚ್ಚಿದ್ದಕ್ಕೆ ಅಮ್ಮ ಬೆರಳಿಗೆ ಹೊಡೆದಿದ್ದಳು. ಆ ಬೆರಳುಗಳೇ ಈಗ ಕಡ್ಡಿಗಳನ್ನು ಅನ್ನದಲ್ಲಿ ಊರಿದವು. ಮೆನ್ ಊದುಬತ್ತಿ ಹಚ್ಚಿದಳು. ಅದು ಉರಿದು ಮುಗಿಯುವ ತನಕ ಬದುಕಿರುವವರು ಆ ಅನ್ನ ಮುಟ್ಟುವಂತಿಲ್ಲ. ಇಬ್ಬರೂ ಕೈಮುಗಿದು ಕೂತರು.

ಅಷ್ಟರಲ್ಲಿ ಹಿನ್ನೀರಿನ ಬಾಯಲ್ಲಿ, ತಡವಾಗಿ ಮರಳುತ್ತಿದ್ದ ಯಾವುದೋ ದೋಣಿಯ ಸದ್ದು ಕೇಳಿಸಿತು.

ಲಾಯ್ ಎದ್ದುಹೋಗಿ ಒಲೆ ಹೊತ್ತಿಸಿ ಬಾಣಲೆ ಇಟ್ಟಳು. ಎಣ್ಣೆ ಕಾಯುವಾಗಷ್ಟೇ ತಾನೇನು ಮಾಡುತ್ತಿದ್ದೇನೆಂದು ಅವಳಿಗೆ ಅರಿವಾಯಿತು. ತಿರುಗಿ ನೋಡಿದಳು. ಮೆನ್ ಪಕ್ಕಕ್ಕೆ ಬಂದು ಕೂತು, ಉಳಿದ ಅಲಸಂದೆಕಾಯಿ ಮುರಿಯತೊಡಗಿದಳು.